ಫ್ಲ್ಯಾಷ್ ಸ್ಮೃತಿಯ ಗಡಿಗಳು

ಮನೆಯ ವೈಫೈ ರೌಟರಿಗೆ ವಿದ್ಯುತ್ತನ್ನು ಹರಿಸಿದೊಡನೆ ಅದರೊಳಗೆ ಮೊದಲು ಎಚ್ಚರಗೊಳ್ಳುವುದು ಯಾವುದು? ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ. ಮುಖ್ಯ ಕಾರ್ಯವ್ಯವಸ್ಥೆಯನ್ನು ಎಬ್ಬಿಸಿ ತಾನು ಹಿಂದೆ ಸರಿಯುವುದೇ ಅದರ ಕೆಲಸ. ಇವೆರಡೂ ನೆಲೆಸಿರುವುದು ಫ್ಲ್ಯಾಷ್ ಸ್ಮೃತಿಯಲ್ಲಿ.

ವಿದ್ಯುತ್ತು ನಿಂತರೂ ಈ ಸ್ಮೃತಿ ತನ್ನಲ್ಲಿರುವುದನ್ನು ಮರೆಯದು. ಆದರೆ ಇದಕ್ಕೊಂದು ವಿಚಿತ್ರ ನಿಯಮವುಂಟು. ಬರೆಯುವಾಗ ೧ನ್ನು ೦ ಮಾಡಬಹುದು. ೦ಯನ್ನು ಮತ್ತೆ ೧ ಮಾಡಬೇಕಾದರೆ ಒಂದು ಇಡೀ ಖಂಡವನ್ನೇ ಅಳಿಸಬೇಕು. ಒಂದಕ್ಷರವನ್ನು ತಿದ್ದಲು ಕರಿಹಲಗೆಯನ್ನೆಲ್ಲ ಒರೆಸಿದಂತೆ!

ಉದಾಹರಣೆಗೆ, ೮ ಮೆಗಾಬೈಟಿನ ಚಿಪ್ ಒಂದನ್ನು ತೆಗೆದುಕೊಳ್ಳೋಣ. ಖಂಡವೊಂದಕ್ಕೆ ೬೪ ಕಿಲೋಬೈಟಿನಂತೆ ಅದರಲ್ಲಿ ೧೨೮ ಖಂಡಗಳಿರುತ್ತವೆ. ಮೊದಲ ನಾಲ್ಕು, ಅಂದರೆ ೨೫೬ ಕಿಲೋಬೈಟು, ಬೂಟ್‌ಲೋಡರಿಗೆ, ಐದನೆಯದು ಅದರ ಸೆಟ್ಟಿಂಗುಗಳಿಗೆ, ಉಳಿದವು ಕಾರ್ಯವ್ಯವಸ್ಥೆಗೆ. ಈ ವಿಭಾಗಗಳಿಗೆ ಪಾರ್ಟಿಷನ್‌ಗಳೆಂದು ಹೆಸರು. ಇವುಗಳ ಗಡಿಗಳನ್ನು ಚಿಪ್‌ನ ಮೇಲೆ ಯಾರೂ ಕೊರೆದಿಲ್ಲ. ಅವು ಪ್ರೋಗ್ರಾಮಿನಲ್ಲಿ ಬರೆದ ಅಂಕೆಗಳು ಮಾತ್ರ ಎಂಬುದನ್ನು ಗಮನಿಸಬೇಕು.

ಹೊಸ ಸೌಲಭ್ಯಗಳು ಸೇರಿ ಬೂಟ್‌ಲೋಡರ್ ೨೬೦ ಕಿಲೋಬೈಟಿಗೆ ಬೆಳೆಯಿತೆನ್ನೋಣ. ಅದರ ಬಾಲ ಐದನೆಯ ಖಂಡವನ್ನು ಹೊಕ್ಕಿತು. ಮೊದಮೊದಲು ಏನೂ ಕೆಡದು. ಮುಂದೊಂದು ದಿನ ಹೊಸ ಸೆಟ್ಟಿಂಗೊಂದನ್ನು ಉಳಿಸುವಾಗ ಐದನೆಯ ಖಂಡ ಅಳಿಸಲ್ಪಡುತ್ತದೆ; ಬಾಲವೂ ಅದರೊಡನೆ ಹೋಗುತ್ತದೆ. ಆಗಲೂ ರೌಟರು ನಡೆಯುತ್ತಲೇ ಇರುವುದು, ಏಕೆಂದರೆ ಕಾರ್ಯವ್ಯವಸ್ಥೆ ಆಗಲೇ ಎಚ್ಚತ್ತಿದೆ. ಒಮ್ಮೆ ಆರಿಸಿ ಮತ್ತೆ ಹಚ್ಚಿದರೆ ಮಾತ್ರ ಅದು ಮೌನ. ಎಬ್ಬಿಸಬೇಕಾದವನೇ ಇಲ್ಲದ ಮೇಲೆ ಎಬ್ಬಿಸುವವರಾರು? ಪೆಟ್ಟಿಗೆಯನ್ನು ಬಿಚ್ಚಿ, ಹೊರಗಿನ ಉಪಕರಣದಿಂದ ಚಿಪ್‌ನ್ನು ಮತ್ತೆ ಬರೆಯಬೇಕಾಗುತ್ತದೆ.

ಇದನ್ನರಿತ ಎಂಜಿನಿಯರನು ಸೆಟ್ಟಿಂಗುಗಳನ್ನು ಆರನೆಯ ಖಂಡಕ್ಕೆ ಸರಿಸುತ್ತಾನೆ. ಇಂಥ ಬದಲಾವಣೆಗಳನ್ನು ಕ್ರಮವಾಗಿ ದಾಖಲಿಸಲು ಲೈನಸ್ ಟೊರ್ವಾಲ್ಡ್ಸ್ ೨೦೦೫ರಲ್ಲಿ ರಚಿಸಿದ ಗಿಟ್ ಎಂಬ ಸಾಧನ ಇಂದು ಬಹಳ ಬಳಕೆಯಲ್ಲಿದೆ. ಪ್ರತಿಯೊಂದು ದಾಖಲೆಯೊಡನೆ ಕಮಿಟ್ ಸಂದೇಶವೆಂಬ ಟಿಪ್ಪಣಿಯಿರುತ್ತದೆ. ಅದರಲ್ಲಿ "ವಿಳಾಸ ಬದಲಿಸಿದೆ" ಎಂದಷ್ಟೇ ಬರೆದರೆ ಪ್ರಯೋಜನವೇನು? ಬದಲಾದ ಅಂಕೆ ಪ್ರೋಗ್ರಾಮಿನಲ್ಲೇ ಕಾಣುತ್ತದೆ, ಕಾಣದಿರುವುದು ಕಾರಣ. ಆದುದರಿಂದ ಒಳ್ಳೆಯ ಸಂದೇಶ ಹೀಗಿರಬೇಕು:

"ಸೆಟ್ಟಿಂಗುಗಳನ್ನು ೬ನೆಯ ಖಂಡಕ್ಕೆ ಸರಿಸು

ಬೂಟ್‌ಲೋಡರ್ ೨೬೦ ಕಿಲೋಬೈಟಿಗೆ ಬೆಳೆದು ೫ನೆಯ ಖಂಡವನ್ನು ಹೊಕ್ಕಿದೆ. ಸೆಟ್ಟಿಂಗನ್ನು ಉಳಿಸಿದರೆ ಅದರ ತುದಿ ಅಳಿಸಿಹೋಗುವುದು. ಕಾರ್ಯವ್ಯವಸ್ಥೆ ಇನ್ನು ೭ನೆಯ ಖಂಡದಿಂದ ಆರಂಭ. ಹಳೆಯ ಉಪಕರಣಗಳ ಸೆಟ್ಟಿಂಗುಗಳನ್ನು ಮೊದಲೇ ನಕಲು ಮಾಡಿಕೊಳ್ಳಬೇಕು."

ಮೊದಲ ಸಾಲು ಚಿಕ್ಕದು. ಬಳಿಕ ಒಂದು ಖಾಲಿ ಸಾಲು. ಅನಂತರ ಕಾರಣ ಮತ್ತು ಪರಿಣಾಮ. ಐದಾರು ವರ್ಷಗಳ ಮೇಲೆ ಇನ್ನೊಬ್ಬನು ಐದನೆಯ ಖಂಡದಲ್ಲಿ ೬೦ ಕಿಲೋಬೈಟು ಬರಿದಾಗಿರುವುದನ್ನು ಕಂಡು, ಸೆಟ್ಟಿಂಗುಗಳನ್ನು ಮತ್ತೆ ಅಲ್ಲಿಗೇ ತರಲು ಹೊರಟಾನು. ಅವನ ಕೈಯನ್ನು ತಡೆಯುವುದು ಈ ನಾಲ್ಕು ಸಾಲುಗಳೇ.

ಪ್ರಯೋಗದ ಪುಸ್ತಕದಲ್ಲಿ ಅಂಕೆಯೊಂದನ್ನು ತಿದ್ದಿದರೆ ಪಕ್ಕದಲ್ಲಿ ಕಾರಣವನ್ನೂ ಬರೆಯಿರೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಇಲ್ಲಿಯೂ ಅದೇ ಶಿಸ್ತು ಸಲ್ಲುತ್ತದೆ.