ಸೋರುವ ಬ್ರೇಕ್ ವಾಲ್ವ್ ತೆಗೆದು ನೇರ ಪೈಪ್ ಜೋಡಿಸಬಹುದೇ?

ಪ್ರಶ್ನೆ: ನಮ್ಮ ಹಳೆಯ ಪಿಕಪ್‌ನ ಹಿಂದಿನ ಆಕ್ಸಲ್ ಹತ್ತಿರದ ಬ್ರೇಕ್ ವಾಲ್ವ್ ಸೋರುತ್ತಿದೆ. ಅದನ್ನು ತೆಗೆದು ನೇರ ಪೈಪ್ ಹಾಕಿದರೆ ಸಾಲದೇ? (ಓದುಗರು, ನಾಲತವಾಡ)

ಉತ್ತರ: ಸಾಲದು. ಆ ವಾಲ್ವ್ ಆಕ್ಸಲ್‌ಗೆ ಕಟ್ಟಿದ ಸ್ಪ್ರಿಂಗ್ ಮೂಲಕ ಗಾಡಿಯ ಭಾರ ಅರಿತು, ಹಿಂದಿನ ಚಕ್ರಗಳಿಗೆ ಹೋಗುವ ಒತ್ತಡವನ್ನು ತಗ್ಗಿಸುತ್ತದೆ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ. ಖಾಲಿ ಗಾಡಿಯಲ್ಲಿ ಪೂರ್ಣ ಒತ್ತಡ ಹಿಂದಕ್ಕೆ ಹೋದರೆ ಹಿಂದಿನ ಚಕ್ರಗಳೇ ಮೊದಲು ಬಿಗಿದು ಗಾಡಿ ಅಡ್ಡ ತಿರುಗುತ್ತದೆ. ‘ನಾವು ಯಾವಾಗಲೂ ಲೋಡ್ ಹಾಕಿಯೇ ಓಡಿಸುತ್ತೇವೆ’ ಎನ್ನಬಹುದು. ಆದರೆ ತೊಗರಿ, ಉಳ್ಳಾಗಡ್ಡಿ ಹೊತ್ತು ಮುದ್ದೇಬಿಹಾಳಕ್ಕೆ ಹೋದ ಗಾಡಿ ಮರಳುವುದು ಬಹುಮಟ್ಟಿಗೆ ಖಾಲಿಯೇ, ಅದೂ ವೇಗವಾಗಿ. ಬ್ರೇಕ್ ಆಯಿಲ್ ತುಂಬಿಸುತ್ತ ಸಾಗುವುದೂ ಪರಿಹಾರವಲ್ಲ: ಸೋರಿಕೆ ಬೆಳೆದರೆ ಆ ಸರ್ಕ್ಯೂಟ್‌ನ ಬ್ರೇಕ್ ಪೂರ್ತಿ ಹೋಗುತ್ತದೆ.

ಮೊದಲು ವಾಲ್ವ್ ಮತ್ತು ಅದರ ಪೈಪುಗಳನ್ನು ಒರೆಸಿ ಒಣಗಿಸಿ, ಒಬ್ಬರು ಪೆಡಲ್ ಒತ್ತಿ ಹಿಡಿದಿರಲಿ, ಇನ್ನೊಬ್ಬರು ನೋಡಲಿ. ಎಷ್ಟೋ ಸಲ ಸೋರುವುದು ಪೈಪಿನ ನಟ್ ಮಾತ್ರ. ವಾಲ್ವ್‌ನ ಮೈಯಿಂದಲೇ ಸೋರಿದರೆ ಬದಲಿಸಲೇಬೇಕು. ತುಕ್ಕು ಹಿಡಿದ ನಟ್‌ಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಫ್ಲೇರ್ ನಟ್ ಸ್ಪ್ಯಾನರ್‌ನಿಂದಲೇ ಬಿಚ್ಚಿಸಿ. ಆಮೇಲೆ ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ಡಾಟ್ ದರ್ಜೆಯ ಹೊಸ ಆಯಿಲ್ ಹಾಕಿ ಗಾಳಿ ಪೂರ್ತಿ ತೆಗೆಸಬೇಕು. ಸ್ಪ್ರಿಂಗ್ ಅಳತೆಯನ್ನು ಕಂಪನಿಯ ಕೈಪಿಡಿಯಂತೆ ಹೊಂದಿಸದಿದ್ದರೆ ಹೊಸ ವಾಲ್ವ್ ಕೂಡ ತಪ್ಪು ಒತ್ತಡವನ್ನೇ ಕೊಡುತ್ತದೆ.