ತುಂತುರು ನಿಂತ ದಿನ
ಜಲಪಾತದ ತುಂತುರು ನಿಂತರೆ
ಒಂದು ಜೀವಿಯೇ ಅಳಿದುಹೋಗುತ್ತಾ?

ಟಾಂಜಾನಿಯಾದ ಕಿಹಾನ್ಸಿ ಕಣಿವೆ.
ಜಲಪಾತದ ಪಕ್ಕ, ಒದ್ದೆ ಪಾಚಿಯ ಮೇಲೆ
ಒಂದು ಹಳದಿ ನೆಲಗಪ್ಪೆ.
ಹೆಬ್ಬೆರಳ ಉಗುರಿನ ಮೇಲೆ ಕೂರುವಷ್ಟು ಪುಟಾಣಿ.
ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲ.

ಇದು ಮೊಟ್ಟೆ ಇಡಲ್ಲ,
ಮರಿ ಹಾಕುತ್ತೆ!
ಗೊದಮೊಟ್ಟೆ ಅಲ್ಲ ಮತ್ತೆ.
ನಾಲ್ಕೂ ಕಾಲು ಮೂಡಿರೋ,
ಅಕ್ಕಿಕಾಳಿನಷ್ಟು ಕಪ್ಪೆಮರಿ.

ವಿಜ್ಞಾನಿಗಳ ಕಣ್ಣಿಗೆ ಬಿದ್ದಿದ್ದು 1996ರಲ್ಲಿ.
ಅಷ್ಟರಲ್ಲಿ ಮೇಲೆ
ವಿದ್ಯುತ್ತಿಗಾಗಿ ಅಣೆಕಟ್ಟು ಏಳ್ತಾ ಇತ್ತು.
2000ದ ಹೊತ್ತಿಗೆ ನದಿಯ ಬಹುಪಾಲು ನೀರು ಪೈಪು ಸೇರಿತು.
ತುಂತುರು ನಿಂತಿತು.
ಪಾಚಿ ಒಣಗಿತು.

ಅದೇ ವರ್ಷ 499 ಕಪ್ಪೆಗಳು
ಅಮೆರಿಕದ ಬ್ರಾಂಕ್ಸ್ ಮೃಗಾಲಯ ಸೇರಿದವು.
ಮೊದಮೊದಲು ಸತ್ತದ್ದೇ ಹೆಚ್ಚು.
ಎಷ್ಟು ಬೆಳಕು, ಎಷ್ಟು ತೇವ, ಎಂಥ ಹುಳು?
ಮೃಗಾಲಯದವರು ಒಂದೊಂದಾಗಿ ಕಲಿತರು.
ಆ ತಾಳ್ಮೆಗೆ ಕೈ ಮುಗಿಯಬೇಕು.

ಅತ್ತ ಕಣಿವೆಗೆ ಶಿಲೀಂಧ್ರ ರೋಗವೂ ಬಂತು.
2009ರಲ್ಲಿ ಘೋಷಣೆಯಾಯಿತು:
ಕಾಡಿನಲ್ಲಿ ಈ ಕಪ್ಪೆ ಇನ್ನಿಲ್ಲ.
ಉಳಿದಿದ್ದು ಮೃಗಾಲಯದ ಗಾಜಿನ ತೊಟ್ಟಿಗಳಲ್ಲಿ ಮಾತ್ರ.

ಈ ನಡುವೆ, ತುಂತುರಿಗಾಗಿ ಕಣಿವೆಯಲ್ಲಿ ಪೈಪು ಎಳೆದು
ಸ್ಪ್ರಿಂಕ್ಲರ್ ಹಾಕಿದ್ದರು.
ಪಾಚಿ ಮತ್ತೆ ಹಸಿರಾಗಿತ್ತು.
2012ರಲ್ಲಿ ಸಾವಿರಾರು ಕಪ್ಪೆಗಳನ್ನು
ಅದೇ ಪಾಚಿಯ ಮೇಲೆ ಬಿಟ್ಟರು.
ಅಮೆರಿಕದ ತೊಟ್ಟಿಗಳಲ್ಲಿ ಹುಟ್ಟಿದವುಗಳ ಸಂತಾನ,
ಕಿಹಾನ್ಸಿಯ ತುಂತುರಿನಲ್ಲಿ
ಮೊದಲ ಸಲ ನೆನೆಯಿತು.