ಬಿಸಿಲಿನ ಸತ್ವ, ಕಣ್ಣಿನ ಉರಿ

ಕಣ್ಣು ಕೆಂಪೇರಿ, ನೋಯುತ್ತ, ಬೆಳಕನ್ನು ಸಹಿಸದೆ ಹೋದರೆ ಅದನ್ನು ಬರಿಯ ಕೆಂಗಣ್ಣು ಬೇನೆಯೆಂದು ತಳ್ಳಿಹಾಕುವಂತಿಲ್ಲ. ಕಣ್ಣಿನ ನಡುಪದರದ ಉರಿಯೂತವಾದ ಯೂವಿಯೈಟಿಸ್ ಅದಾಗಿರಬಹುದು. ಅಲಕ್ಷಿಸಿದರೆ ದೃಷ್ಟಿಯನ್ನೇ ಕಸಿದುಕೊಳ್ಳಬಲ್ಲದು.

ಈ ಬೇನೆಯವರ ರಕ್ತದಲ್ಲಿ ಡಿ ಜೀವಸತ್ವ ಕಡಮೆಯಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಬಿಸಿಲು ಚರ್ಮವನ್ನು ಸೋಕಿದಾಗ ಹುಟ್ಟುವ ಈ ಸತ್ವ ಯಕೃತ್ತನ್ನೂ ಮೂತ್ರಪಿಂಡವನ್ನೂ ಹಾದು ಪಕ್ವವಾಗುತ್ತದೆ. ಮೂಳೆಗೆ ಬಲ ಕೊಡುವುದಲ್ಲದೆ, ದೇಹದ ರಕ್ಷಕ ಕಣಗಳು ಮಿತಿಮೀರಿ ಕೆರಳದಂತೆ ತಡೆಯುತ್ತದೆ. ಹಾಗಾದರೆ ಇದರ ಕೊರತೆಯೇ ಬೇನೆಗೆ ಮೂಲವೆ? ಅಷ್ಟು ಬೇಗ ತೀರ್ಪು ಕೊಡಲು ನಾನು ಹಿಂಜರಿಯುತ್ತೇನೆ. ಬೆಳಕಿಗೆ ಅಂಜಿದ ರೋಗಿ ಕಿಟಕಿ ಮುಚ್ಚಿ ಕತ್ತಲಲ್ಲಿ ಕೂರುತ್ತಾನೆ. ಬಿಸಿಲು ತಪ್ಪಿದ ಮೇಲೆ ಸತ್ವ ಕುಗ್ಗದೆ ಇದ್ದೀತೆ? ಕಾರಣವೆಂದು ತೋರುವುದು ಪರಿಣಾಮವೂ ಆಗಿರಬಹುದು.

2022ರಲ್ಲಿ ಪ್ರಕಟವಾದ ಅಮೆರಿಕದ 'ವೈಟಲ್' ಪ್ರಯೋಗದಲ್ಲಿ 25,871 ಮಂದಿ ಭಾಗವಹಿಸಿದ್ದರು. ಸುಮಾರು ಐದು ವರ್ಷ ದಿನಕ್ಕೆ 2,000 ಯೂನಿಟ್ ಡಿ ಸೇವಿಸಿದವರಲ್ಲಿ, ದೇಹ ತನ್ನ ಮೇಲೆಯೇ ತಿರುಗಿಬೀಳುವ ರೋಗಗಳು ಉಳಿದವರಿಗಿಂತ ಶೇಕಡ 22ರಷ್ಟು ಕಡಮೆ ಕಾಣಿಸಿಕೊಂಡವು. ಆಸೆ ಹುಟ್ಟಿಸುವ ಮಾತು. ಆದರೆ ಅದು ಕಣ್ಣಿನ ಬೇನೆಯನ್ನೇ ಗುರಿಯಾಗಿಟ್ಟುಕೊಂಡ ಪ್ರಯೋಗವಲ್ಲ.

ಅತಿಯಾದರೆ ಅಮೃತವೂ ವಿಷ. ಸಾರ್ಕಾಯಿಡೋಸಿಸ್ ಎಂಬ ರೋಗದಿಂದಲೂ ಈ ಉರಿಯೂತ ಬರುವುದುಂಟು. ಆ ರೋಗದಲ್ಲಿ ದೇಹ ಈ ಸತ್ವವನ್ನು ತಾನೇ ಅಳತೆಮೀರಿ ಪಕ್ವಗೊಳಿಸಬಹುದು. ಮೇಲೆ ಗುಳಿಗೆಯನ್ನೂ ನುಂಗಿದರೆ ರಕ್ತದಲ್ಲಿ ಸುಣ್ಣದಂಶ ಅಪಾಯಕ್ಕೇರೀತು. ಆದ್ದರಿಂದ ಪರೀಕ್ಷೆ ಮೊದಲು, ಗುಳಿಗೆ ಆಮೇಲೆ. ಕೊರತೆಯಿದ್ದರೆ ತುಂಬಿಕೊಳ್ಳೋಣ, ಆದರೆ ವೈದ್ಯರು ಕೊಟ್ಟ ಹನಿಮದ್ದನ್ನು ಬಿಟ್ಟು ಬಿಸಿಲನ್ನೊಂದೇ ನಂಬುವುದು ಕಣ್ಣನ್ನೇ ಪಣಕ್ಕಿಟ್ಟಂತೆ.